ಗೌಂಡರೋ, ಕೌಂಟರೋ?

ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ದಿನವೂ ಓಡಾಡುವವರಿಗೂ ಆ ಎರಡಕ್ಷರದೊಳಗೆ ರತ್ನಸಭಾಪತಿ ಮುದಲಿಯಾರ್ ಎಂಬ ಹಳೆಯ ನಗರಸಭಾಧ್ಯಕ್ಷರು ಕೂತಿದ್ದಾರೆಂಬುದು ನೆನಪಾಗುವುದು ಅಪರೂಪ. ಅಲ್ಲಿನ ಡಿ.ಬಿ. ರಸ್ತೆಯ 'ದಿವಾನ್ ಬಹದ್ದೂರ್' ಗತಿಯೂ ಅಷ್ಟೇ. ಬಾಯಿಂದ ಬಾಯಿಗೆ ಉರುಳಿ ಹೆಸರು ಸವೆಯುತ್ತದೆ. ಇದೇ ಸೀಮೆಯ ಒಂದು ಹೆಸರು ಮಾತ್ರ ಸವೆಯುವ ಬದಲು ಇನ್ನೊಂದು ಅರ್ಥವನ್ನೂ ಗಿಟ್ಟಿಸಿಕೊಂಡಿತು: ತಮಿಳು ಚಿತ್ರರಂಗದ ಹಾಸ್ಯನಟ ಗೌಂಡಮಣಿಯವರದು.

ಉಡುಮಲೈಪೇಟೆ ಬಳಿಯ ವಲ್ಲಕುಂಡಪುರದಲ್ಲಿ 1939ರಲ್ಲಿ ಹುಟ್ಟಿದ ಅವರಿಗೆ ಮನೆಯವರು ಇಟ್ಟ ಹೆಸರು ಸುಬ್ರಮಣಿ. ನಾಟಕದಲ್ಲಿ ಪಳಗಿದವರು. 1977ರಲ್ಲಿ ಭಾರತಿರಾಜಾ ಅವರ 'ಪದಿನಾರು ವಯದಿನಿಲೆ' ಬಂತು; ನಮ್ಮ ಬೆಂಗಳೂರಿನ ಮಾಜಿ ಕಂಡಕ್ಟರ್ ರಜನೀಕಾಂತ್ ಅದರಲ್ಲಿ ಊರಿನ ಪುಂಡ, ಗೌಂಡಮಣಿ ಅವನ ಬಾಲ. ಬಾಲವೇ ಜನರ ಕಣ್ಣಿಗೆ ಬಿತ್ತು.

'ಮಣಿ' ಬಂದದ್ದು ಎಲ್ಲಿಂದ ಎಂಬುದು ಗೊತ್ತಾಯಿತು. 'ಗೌಂಡ'? ನಾಟಕದಲ್ಲಿ ಗೌಂಡರ್ ಪಾತ್ರ ಮಾಡಿದ್ದರಿಂದ ಅಂಟಿಕೊಂಡಿತು ಎನ್ನುವವರಿದ್ದಾರೆ. ಯಾರು ಏನೇ ಅಂದರೂ ತಟ್ಟನೆ ಕೌಂಟರ್ ಕೊಡುತ್ತಿದ್ದರು, 'ಕೌಂಟರ್ ಮಣಿ' ಹೋಗಿ ಗೌಂಡಮಣಿ ಆಯಿತು ಎನ್ನುವವರೂ ಇದ್ದಾರೆ. ಮಜಾ ಇರುವುದು ಲಿಪಿಯಲ್ಲಿ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಟ, ಡ ಎರಡಕ್ಕೂ ಒಂದೇ. ಹಾಗಾಗಿ 'ಕೌಂಟರ್' ಬರೆದರೂ 'ಗೌಂಡರ್' ಬರೆದರೂ ಕಾಗದದ ಮೇಲೆ ಮೂಡುವುದು ಒಂದೇ ಪದ! ಕನ್ನಡದಲ್ಲಿ ಬರೆದ ಕೂಡಲೇ ಈ ಶ್ಲೇಷೆ ಒಡೆದುಹೋಗುತ್ತದೆ. ಅದರ ಬದಲಿಗೆ ನಮಗೆ ಸಿಗುವುದು ಬೇರೆ ನಂಟು: ನಮ್ಮ ಶಾಸನಗಳ 'ಗಾವುಂಡ', ಊರಿನ ಗೌಡ.

ಪಾತ್ರವೋ ಕೆಲಸವೋ ಹೆಸರಿನ ಮುಂದೆ ಬಂದು ನಿಲ್ಲುವುದು ನಮಗೂ ಹೊಸದಲ್ಲ. 'ಮುಖ್ಯಮಂತ್ರಿ' ನಾಟಕದಿಂದ ಚಂದ್ರು ಮುಖ್ಯಮಂತ್ರಿಯಾದರು, ಬ್ಯಾಂಕಿನ ಕೆಲಸದಿಂದ ಜನಾರ್ದನ್ ಬ್ಯಾಂಕ್ ಜನಾರ್ದನ್ ಆದರು. ಆದರೆ ಗೌಂಡಮಣಿಯವರ ಕೌಂಟರ್ ಕಥೆ ಕಟ್ಟುಕಥೆಯೇ ಆಗಿದ್ದರೂ, ಅವರ ಕಲೆಯ ಬಗ್ಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಈ ಅಂಕಣಕಾರನಿಗೆ ಕಂಡಿಲ್ಲ. ತಮಿಳರು 'ಕೋವೈ ಕುಸುಂಬು' ಎನ್ನುವ ಕೊಯಮತ್ತೂರು ಸೀಮೆಯ ಕುಚೇಷ್ಟೆ ಅಲ್ಲಿನವರೇ ಆದ ನಟ ಸತ್ಯರಾಜ್, ಸೂಲೂರಿನ ನಟ-ನಿರ್ದೇಶಕ ಮಣಿವಣ್ಣನ್ ಅವರಲ್ಲೂ ಕಾಣುತ್ತದೆ. ಗೌಂಡಮಣಿಯವರದು ಇನ್ನೂ ಚುರುಕು: ಎದುರಿನವರ ಮಾತು ಮುಗಿಯುವ ಮೊದಲೇ ಏಟು ಬಿದ್ದಿರುತ್ತದೆ. 1984ರ 'ವೈದೇಹಿ ಕಾತ್ತಿರುಂದಾಳ್' ಚಿತ್ರದಲ್ಲಿ ಅವರದು ಪೆಟ್ರೋಮ್ಯಾಕ್ಸ್ ದೀಪಗಳೂ ಇರುವ ಸೈಕಲ್ ಅಂಗಡಿ. ದೀಪದ ಈ ಮ್ಯಾಂಟಲ್ ಹೇಗೆ ಉರಿಯುತ್ತದೆ ಎಂದು ಕೇಳುತ್ತ ಅವರ ಜೋಡಿ ಹಾಸ್ಯನಟ ಸೆಂದಿಲ್ ಅದನ್ನು ಪುಡಿ ಮಾಡಿದಾಗ ಆ ಮುಖ ನೋಡಬೇಕು.

ಆದರೂ ಜನ ಮರೆಯದ ದೃಶ್ಯ 1989ರ 'ಕರಗಾಟ್ಟಕ್ಕಾರನ್'ನದು. ಎರಡು ಬಾಳೆಹಣ್ಣು ತಾ ಎಂದು ಕಳಿಸಿದರೆ ಸೆಂದಿಲ್ ಒಂದನ್ನು ದಾರಿಯಲ್ಲೇ ತಿಂದು ಒಂದನ್ನು ತರುತ್ತಾನೆ. ಇನ್ನೊಂದು ಎಲ್ಲಿ? ಆ ಇನ್ನೊಂದೇ ಇದು. ಎಷ್ಟು ಬಗೆಯಲ್ಲಿ ತಿರುಗಿಸಿ ಕೇಳಿದರೂ ಅದೇ ಉತ್ತರ, ಅದೇ ಅಮಾಯಕ ಮುಖ. ಕೌಂಟರ್ ಮಣಿಯ ಬತ್ತಳಿಕೆಯಲ್ಲಿ ಅಂದು ಒಂದೂ ಬಾಣವಿಲ್ಲ. ಮಾತು ಬಿಟ್ಟು ಕೈ ಎತ್ತುತ್ತಾರೆ.