ಗಿಳಿಯ ಹಸಿರು, ಎಕ್ಕದ ಮಿಡತೆ

ಸೀರೆ ಅಂಗಡಿಯಲ್ಲಿ ‘ಗಿಳಿಹಸಿರು’ ಎಂದರೆ ಸಾಕು, ಬಿಡಿಸಿ ಹೇಳಬೇಕಿಲ್ಲ. ಆದರೆ ಕೊರಳಲ್ಲಿ ಗುಲಾಬಿ ಪಟ್ಟಿಯಿರುವ ನಮ್ಮೂರ ಗಿಳಿಯ ಗರಿಯಲ್ಲಿ ಹಸಿರು ದ್ರವ್ಯವೇ ಇಲ್ಲ. ಅಲ್ಲಿರುವುದು ಹಳದಿ, ಅದರಡಿಯಲ್ಲಿ ಕಪ್ಪು. ಆ ಹಳದಿ ತಿಂದ ಹಣ್ಣಿನಿಂದ ಬಂದದ್ದಲ್ಲ, ಗಿಳಿ ತನ್ನ ಮೈಯಲ್ಲೇ ತಯಾರಿಸಿಕೊಂಡದ್ದು. ಗರಿಯ ಎಳೆಯೊಳಗೆ ಸ್ಪಂಜಿನಂಥ ಕೆರಾಟಿನ್ ಹೆಣಿಗೆ, ನಡುನಡುವೆ ಗಾಳಿ. ಬೆಳಕು ಅಲ್ಲಿ ಚದುರಿ ನೀಲಿಯಾಗಿ ಮರಳುತ್ತದೆ, ಹಳದಿಯನ್ನು ಹಾದು ಹಸಿರಾಗುತ್ತದೆ. ಹಳದಿ ಕೂಡದ ಗಿಳಿ ನೀಲಿಯಾಗಿ, ಕಪ್ಪು ಕೂಡದ್ದು ಅರಿಸಿನದ ಬಣ್ಣದ್ದಾಗಿ ಹುಟ್ಟುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಏರ್ಪಾಡು ಕಾಣಿಸದಿರುವುದಕ್ಕೆ! ಕಿರುಚುತ್ತ ಬಂದ ಹಿಂಡು ಅರಳಿಮರ ಹೊಕ್ಕಿತೆಂದರೆ ಮುಗಿಯಿತು. ಮೂವತ್ತು ಗಿಳಿಗಳಿದ್ದರೂ ಕಣ್ಣಿಗೆ ಬೀಳುವುದು ಉದುರುವ ಹಣ್ಣಿನ ಚೂರು ಮಾತ್ರ.

ಕಳೆದ ವಾರ ಕೆರೆಯ ಏರಿಯ ಮೇಲೆ ಅಂಥದೊಂದು ಮರವನ್ನು ನೋಡಿ ನೋಡಿ ಕತ್ತು ನೋಯಿತು. ಕಣ್ಣಿಳಿಸಿದರೆ ಮೊಣಕಾಲ ಬಳಿಯ ಎಕ್ಕದ ಗಿಡದಲ್ಲಿ ಬಣ್ಣದ ಮಿಡತೆ. ಹಳದಿ ಮೈಗೆ ನೀಲಿ ಪಟ್ಟೆ, ಹಸಿರು ರೆಕ್ಕೆಯ ತುಂಬ ಹಳದಿ ಚುಕ್ಕೆ. ಬೆರಳುದ್ದದ ಜೀವ. ಮುಖ ಹತ್ತಿರ ತಂದರೂ ಹಾರಲಿಲ್ಲ, ಎಲೆಯಂಚನ್ನು ಕರುಂ ಕರುಂ ಎಂದು ಕತ್ತರಿಸುತ್ತಲೇ ಇತ್ತು. ಗಿಳಿ ಇಷ್ಟು ಹತ್ತಿರ ಯಾರನ್ನು ಬಿಟ್ಟೀತು?

ಈ ಧೈರ್ಯ ಎಕ್ಕದ ಹಾಲಿನದು. ದನ ಮೂಸಿ ಬಿಡುವ ಆ ಹಾಲಿನಲ್ಲಿ ಹೃದಯದ ಬಡಿತ ಕೆಡಿಸುವ ವಿಷವಿದೆ. ಮಿಡತೆ ಅದನ್ನು ತಿಂದು ಅರಗಿಸಿಕೊಳ್ಳುವುದಷ್ಟೇ ಅಲ್ಲ, ಮೈಯಲ್ಲಿ ಕೂಡಿಡುತ್ತದೆ. ಮರಿಯನ್ನು ಹಿಡಿದು ಒತ್ತಿದರೆ ಬೆನ್ನಿನಿಂದ ಪಿಚಕಾರಿಯಂತೆ ದ್ರವ ಚಿಮ್ಮಿಸುತ್ತದೆ. ಒಮ್ಮೆ ಬಾಯಿ ಹಾಕಿ ಕೆಟ್ಟ ಹಕ್ಕಿ ಆ ಪಟ್ಟೆಗಳನ್ನು ಮರೆಯಬಾರದು. ಅದಕ್ಕೇ ಅಷ್ಟು ಢಾಳು ಬಣ್ಣ.

ಗಿಳಿಯ ಮೇಲಿನ ನನ್ನ ಪ್ರೀತಿ ಹಳೆಯದು. ಗಂಡಿನ ಕೊರಳಪಟ್ಟಿ ಮೂಡಲು ಮೂರು ವರ್ಷ ಬೇಕೆಂದು ತಿಳಿದಂದಿನಿಂದ ಪಟ್ಟಿಯಿಲ್ಲದ ಪ್ರತಿಯೊಂದನ್ನೂ ಹೆಣ್ಣೋ ಎಳೆಯದೋ ಎಂದು ದಿಟ್ಟಿಸುತ್ತೇನೆ. ಆದರೂ ನೋಡುವ ಸುಖಕ್ಕೆ ನನ್ನ ಮತ ಮಿಡತೆಗೇ. ದುರ್ಬೀನು ಬೇಡ, ಕಾಡಿಗೆ ಹೋಗಬೇಕಿಲ್ಲ. ಕೂತು ನೋಡಿದರೆ ಮೀಸೆಯ ಅಲುಗಾಟವೂ ಕಾಣುತ್ತದೆ.

ಈ ಭಾನುವಾರ ಪಾಳುಜಾಗದ ಎಕ್ಕದ ಬಳಿ ನಿಲ್ಲಿ. ತೂತುಬಿದ್ದ ಎಲೆಗಳಿರುವ ಗಿಡ ಹುಡುಕಿ, ಎಲೆಯ ಅಡಿಯನ್ನೂ ನೋಡಿ. ಮಕ್ಕಳು ಜೊತೆಗಿದ್ದರೆ ಎಲೆ ಕೀಳಲು ಬಿಡಬೇಡಿ, ಎಕ್ಕದ ಹಾಲು ಕಣ್ಣಿಗೆ ತಾಗಬಾರದು.