ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳ ಭಾಷಾ ಸಂಶೋಧನೆ: ನ್ಯಾಲ್ಕಲ್‌ನ ಕಡೆಯಿಂದ ಒಂದು ವಿಮರ್ಶೆ

ಕರ್ನಾಟಕದ ಹಳೆಯ ಕ್ಯಾಥೊಲಿಕ್ ಕಾಲೇಜುಗಳು ಒಂದೊಂದಾಗಿ ವಿಶ್ವವಿದ್ಯಾಲಯಗಳಾಗುತ್ತಿವೆ. 1969ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕ್ರೈಸ್ಟ್ ಕಾಲೇಜು 2008ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು. 1882ರ ಸಂತ ಜೋಸೆಫರ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಗಿ ಉದ್ಘಾಟನೆಗೊಂಡಿತು. 1880ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಅದೇ ದಾರಿ ಹಿಡಿಯಿತು. ಸ್ಥಾನ ಬದಲಾದಾಗ ಕೆಲಸದ ಸ್ವರೂಪವೂ ಬದಲಾಗುತ್ತದೆ. ಪಾಠ ಹೇಳುವುದಷ್ಟೇ ಸಾಲದು, ಸಂಶೋಧನೆ ಮಾಡಬೇಕು. ಅದಕ್ಕೆ ನೆರವು ಒದಗಿಸಬೇಕು. ವಿಭಾಗ ವಿಭಾಗಗಳ ಅಧ್ಯಾಪಕರು ಕೂಡಿ ದುಡಿಯಬೇಕು. ಆವರಣದಲ್ಲಿ ವರ್ಷವಿಡೀ ವಿಚಾರ ಸಂಕಿರಣ, ಕಮ್ಮಟ, ಉತ್ಸವಗಳು ನಡೆಯಬೇಕು. ಈ ಸಿದ್ಧತೆಯಿಂದ ಸಣ್ಣ ಭಾಷಾ ಸಮುದಾಯಗಳಿಗೆ ಏನು ದಕ್ಕಿದೆ, ಏನು ದಕ್ಕಬಹುದು ಎಂಬುದು ಈ ಲೇಖನದ ಪ್ರಶ್ನೆ. ಪ್ರಶ್ನೆಯನ್ನು ಬೆಂಗಳೂರಿನಿಂದ ಕೇಳದೆ ನ್ಯಾಲ್ಕಲ್‌ನ ಕಡೆಯಿಂದ ಕೇಳಲಾಗಿದೆ. ಯಾವ ವಿಶ್ವವಿದ್ಯಾಲಯದ ನೆರಳೂ ಬೀಳದ ಊರಿನಿಂದ ನೋಡಿದಾಗಲೇ ಇಂಥ ಸಂಸ್ಥೆಗಳ ಕೊಡುಗೆಯ ಅಳತೆ ಸಿಗುತ್ತದೆ.

ನ್ಯಾಲ್ಕಲ್ ಗಡಿಯಾಚೆಗೆ ವಲಸೆ ಹೋದ ಕನ್ನಡಿಗರ ಊರಲ್ಲ. ಗಡಿಯೇ ಬಂದು ಅದನ್ನು ಆಚೆಗೆ ಹಾಕಿತು. 1956ರ ರಾಜ್ಯ ಪುನರ್‌ವಿಂಗಡಣೆಯ ಹೊತ್ತಿಗೆ ಬೀದರ ಜಿಲ್ಲೆ ಒಡೆಯಿತು. ನಿರ್ಣಾ ವೃತ್ತವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲ್ಕಲ್ ವೃತ್ತ ಮತ್ತು ನಾರಾಯಣಖೇಡ ತಾಲ್ಲೂಕು ಆಂಧ್ರಪ್ರದೇಶಕ್ಕೆ ಸೇರಿದವು. ಗುಲ್ಬರ್ಗ ಜಿಲ್ಲೆಯಿಂದ ತಾಂಡೂರು ಮತ್ತು ಕೊಡಂಗಲ್ ಹೋದವು. ಕಂದಾಯದ ವೃತ್ತಗಳನ್ನು ಹೀಗೆ ಎಣಿಸಿ ಹಂಚಿದಾಗ ಒಂದು ಭಾಷಾರೂಪದ ಹೊಲ, ಕಣ, ಸಂತೆ, ಬೀಗತನಗಳ ನಡುವೆ ಗೆರೆ ಬಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ದಖನಿ ಎಂಬ ಹಂಚಿಕೆ ಈ ಸೀಮೆಗೆ ಹೊಸದಲ್ಲ. ಹೊಸದಾದುದು, ಮನೆಯ ಭಾಷೆಗೆ ಮನೆಯ ಹೊರಗೆ ಯಾವ ಆಸರೆಯೂ ಉಳಿಯದ ಸ್ಥಿತಿ. ತೆಲಂಗಾಣ ರಾಜ್ಯ 2018ರಲ್ಲಿ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸಿತು. ಆ ರಾಜ್ಯದ ದೃಷ್ಟಿಯಿಂದ ಅದು ಸಹಜವಾದ ಕ್ರಮವೇ. ಆದರೆ ಮೂರು ಭಾಷೆಗಳಿಗಷ್ಟೇ ಬಿಡುವಿರುವ ಶಾಲೆಯ ವೇಳಾಪಟ್ಟಿಯಲ್ಲಿ ತೆಲುಗು, ಹಿಂದಿ, ಇಂಗ್ಲಿಷ್‌ಗಳ ನಂತರ ನಾಲ್ಕನೆಯದಕ್ಕೆ ಜಾಗ ಎಲ್ಲಿದೆ?

ಈ ಸೀಮೆಯ ನುಡಿ ಭಾಷಾಶಾಸ್ತ್ರದ ಕಣ್ಣಿಗೂ ಸರಿಯಾಗಿ ಬಿದ್ದಿಲ್ಲ. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆ ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಒಳಗೊಳ್ಳಲಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಆಶ್ರಯದಲ್ಲಿ 1960ರ ದಶಕದಲ್ಲಿ ನಂಜನಗೂಡು, ಕುಮಟಾ, ಗುಲ್ಬರ್ಗಗಳ ಕನ್ನಡವನ್ನು ಕುರಿತ ವರ್ಣನಾತ್ಮಕ ಅಧ್ಯಯನಗಳು ಬಂದವು. ಅಷ್ಟರಲ್ಲಿ ನ್ಯಾಲ್ಕಲ್ ಬೇರೆ ರಾಜ್ಯದ ಊರಾಗಿತ್ತು. ಕರ್ನಾಟಕದ ಉಪಭಾಷಾ ಅಧ್ಯಯನಕ್ಕೆ ಅದು ಗಡಿಯ ಹೊರಗು, ತೆಲುಗು ಅಧ್ಯಯನಕ್ಕೆ ಭಾಷೆಯ ಹೊರಗು. ಮನೆಗೆ ‘ಮನಿ’, ಕೂರಿಗೆಗೆ ‘ಕೂರಿಗಿ’, ಕುಂಟೆಗೆ ‘ಕುಂಟಿ’ ಎನ್ನುವ ಉತ್ತರದ ಕನ್ನಡ, ತೆಲುಗಿನ ಮತ್ತು ದಖನಿಯ ಒತ್ತಿನಲ್ಲಿ ಇಲ್ಲಿ ಏನಾಗಿದೆ ಎಂಬುದಕ್ಕೆ ಉತ್ತರ ಹೇಳಬೇಕಾದವರು ಈ ನುಡಿಯನ್ನಾಡುವ ಹಿರಿಯರು. ಅವರ ಬಳಿಗೆ ಹೋಗಲು ಇರುವ ಕಾಲ ಹೆಚ್ಚಿಲ್ಲ.

ಈಗ ಮಂಗಳೂರಿನ ಕಡೆಗೆ ನೋಡೋಣ. ಇಟಲಿಯ ಜೆಸ್ವಿಟ್ ಪಾದ್ರಿಗಳು 1878ರ ಕೊನೆಯಲ್ಲಿ ಅಲ್ಲಿಗೆ ಬಂದರು. ಒಂದು ವರ್ಷ ಕಳೆದೊಡನೆ ಕಾಲೇಜು ತೆರೆದರು. ಅವರಲ್ಲಿ ಒಬ್ಬರಾದ ಏಂಜೆಲಸ್ ಫ್ರಾನ್ಸಿಸ್ ಕ್ಸೇವಿಯರ್ ಮಫೆಯಿ 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ಇಂಗ್ಲಿಷ್–ಕೊಂಕಣಿ, ಕೊಂಕಣಿ–ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದರು. ಇವುಗಳನ್ನು ಅಚ್ಚು ಮಾಡಿದ್ದು ಬಾಸೆಲ್ ಮಿಶನ್ನಿನ ಮುದ್ರಣಾಲಯ. ಜೆಸ್ವಿಟರು ರೋಮಿನ ಪೋಪರಿಗೆ ವಿಧೇಯರು. ಬಾಸೆಲ್ ಮಿಶನ್ನಿನವರು ಪ್ರೊಟೆಸ್ಟೆಂಟರು. ಧರ್ಮದಲ್ಲಿ ಪರಸ್ಪರ ಪ್ರತಿಸ್ಪರ್ಧಿಗಳಾದ ಇವರು ಒಂದೇ ಊರಿನಲ್ಲಿ ಒಂದೇ ಅಚ್ಚಿನ ಮೊಳೆಯನ್ನು ಹಂಚಿಕೊಂಡರು. ಬ್ರಿಗೆಲ್‌ರ ತುಳು ವ್ಯಾಕರಣ (1872), ಮ್ಯಾನರ್‌ರ ತುಳು–ಇಂಗ್ಲಿಷ್ ನಿಘಂಟು (1886), ಕಿಟೆಲ್‌ರ ಕನ್ನಡ–ಇಂಗ್ಲಿಷ್ ನಿಘಂಟು (1894) ಹೊರಬಂದದ್ದು ಬಾಸೆಲ್ ಮಿಶನ್ನಿನ ಆ ಪರಿಸರದಿಂದಲೇ. ಇಪ್ಪತ್ತೆರಡು ವರ್ಷಗಳ ಅವಧಿಯಲ್ಲಿ ಕರಾವಳಿಯ ಮೂರು ಭಾಷೆಗಳಿಗೆ ವ್ಯಾಕರಣ, ಕೋಶಗಳ ತಳಹದಿ ಬಿದ್ದಿತು. ಅಧ್ಯಾಪಕರ ಸಹಯೋಗ ಎಂಬ ಮಾತಿಗೆ ಇದಕ್ಕಿಂತ ತೂಕದ ಉದಾಹರಣೆ ನಮ್ಮ ನಾಡಿನಲ್ಲಿ ವಿರಳ.

ಈ ಕೆಲಸವನ್ನು ಸುಮ್ಮನೆ ಹೊಗಳಿ ಮುಂದೆ ಹೋಗುವಂತಿಲ್ಲ. ಮಫೆಯಿಯವರ ವ್ಯಾಕರಣದ ಹಿಂದೆ ಧರ್ಮಪ್ರಸಾರದ ಅಗತ್ಯವಿತ್ತು. ಹೊರಗಿನಿಂದ ಬಂದ ಪಾದ್ರಿಗೆ ಪಾಪನಿವೇದನೆ ಕೇಳಲು, ಪ್ರವಚನ ಹೇಳಲು ಭಾಷೆ ಬೇಕಿತ್ತು. ಆದರೂ ಕೋಶ ಒಮ್ಮೆ ಅಚ್ಚಾದ ಮೇಲೆ ಅದು ಮಾಡಿದವರ ಉದ್ದೇಶವನ್ನು ಮೀರಿತು. ಕೊಂಕಣಿ ಸ್ವತಂತ್ರ ಭಾಷೆಯೋ ಮರಾಠಿಯ ಉಪಭಾಷೆಯೋ ಎಂಬ ವಾದ ಇಪ್ಪತ್ತನೆಯ ಶತಮಾನದುದ್ದಕ್ಕೂ ನಡೆದು, 1992ರಲ್ಲಿ ಅದು ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಇಂಥ ವಾದದಲ್ಲಿ ವ್ಯಾಕರಣ, ನಿಘಂಟುಗಳಿರುವ ಭಾಷೆಗೂ ಇಲ್ಲದ ಭಾಷೆಗೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ದಾಖಲೆಯ ಬೆಲೆ ತಿಳಿಯುವುದು ಅದು ಬೇಕಾದಾಗ.

ಎರಡನೆಯ ಉದಾಹರಣೆ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘ. ಕನ್ನಡ ಮನೆಮಾತಲ್ಲದ ವಿದ್ಯಾರ್ಥಿಗಳು ತುಂಬಿದ, ಇಂಗ್ಲಿಷ್ ವಾತಾವರಣದ ಆವರಣದಲ್ಲಿ ಚಿ. ಶ್ರೀನಿವಾಸರಾಜು ಅವರು ಈ ಸಂಘವನ್ನು ಕನ್ನಡದ ಒಂದು ಗಣನೀಯ ಪ್ರಕಾಶನವನ್ನಾಗಿ ಬೆಳೆಸಿದರು. ವಿದ್ಯಾರ್ಥಿಗಳ ಬರಹದ ಜೊತೆಗೆ ಹಿರಿಯರ ಬರಹವೂ ಕಡಿಮೆ ಬೆಲೆಯ ಪುಸ್ತಕವಾಗಿ ಹೊರಬಂದಿತು. ಬೇಂದ್ರೆಯವರ ಹೆಸರಿನ ಕಾವ್ಯಸ್ಪರ್ಧೆ ರಾಜ್ಯದ ಮೂಲೆಮೂಲೆಯ ಕಾಲೇಜು ಕವಿಗಳಿಗೆ ಮೊದಲ ವೇದಿಕೆಯಾಯಿತು. ಇಲ್ಲಿ ಮುಖ್ಯವಾದುದು ಕಾರ್ಯಕ್ರಮದ ಬಗೆಗಿನ ಒಂದು ತಿಳಿವಳಿಕೆ: ಸಭೆ ಮುಗಿದ ಮೇಲೆ ಕೈಯಲ್ಲಿ ಒಂದು ಪುಸ್ತಕ ಉಳಿಯಬೇಕು. ಸ್ಪರ್ಧೆ ನೆಪ, ಪುಸ್ತಕ ಫಲ. ಅಧ್ಯಾಪಕರೊಬ್ಬರು ದಶಕಗಳ ಕಾಲ ಒಂದೇ ಆವರಣದಲ್ಲಿ ನೆಲೆನಿಂತದ್ದರಿಂದ, ಆಡಳಿತ ಮಂಡಳಿ ಅಡ್ಡಬಾರದೆ ಇದ್ದುದರಿಂದ ಇದು ಸಾಧ್ಯವಾಯಿತು. 2007ರಲ್ಲಿ ಅವರು ತೀರಿಕೊಂಡಾಗ ಬಿಟ್ಟುಹೋದದ್ದು ಒಂದು ವಿಭಾಗವನ್ನಷ್ಟೇ ಅಲ್ಲ, ಒಂದು ಮಾದರಿಯನ್ನು.

ಆದರೆ ನ್ಯಾಲ್ಕಲ್‌ನ ಕಡೆಯಿಂದ ನೋಡಿದರೆ ಈ ಮಾದರಿಯ ಮಿತಿಯೂ ಕಾಣುತ್ತದೆ. ಕಾವ್ಯಸ್ಪರ್ಧೆಯ ಬಾಗಿಲು ತೆರೆಯುವುದು ಬರೆಯಬಲ್ಲವರಿಗೆ. ಕನ್ನಡವನ್ನು ಆಡುತ್ತಿದ್ದೂ ಕನ್ನಡ ಲಿಪಿಯನ್ನು ಶಾಲೆಯಲ್ಲಿ ಕಲಿಯದ ಹುಡುಗಿಗೆ ಆ ಬಾಗಿಲಿಲ್ಲ. ಸಾಹಿತ್ಯದ ಪೋಷಣೆ ಭಾಷೆಯ ಪೋಷಣೆಯ ಒಂದು ಭಾಗ ಮಾತ್ರ. ಅದು ಅಚ್ಚಿನ ಕನ್ನಡವನ್ನು ಬೆಳೆಸುತ್ತದೆ. ಆಡುಗನ್ನಡವನ್ನು ಉಳಿಸಲು ಬೇಕಾದುದು ಮಫೆಯಿಯವರ ಬಗೆಯ ಕೆಲಸ: ಕೇಳುವುದು, ಬರೆದುಕೊಳ್ಳುವುದು, ವಿಂಗಡಿಸುವುದು. ನಮ್ಮ ಕ್ಯಾಥೊಲಿಕ್ ವಿದ್ಯಾಸಂಸ್ಥೆಗಳ ಚರಿತ್ರೆಯಲ್ಲಿ ಈ ಎರಡೂ ಬಗೆಗಳಿಗೆ ಉದಾಹರಣೆಗಳುಂಟು. ಎರಡೂ ಒಂದೇ ಆವರಣದಲ್ಲಿ ಕೂಡಿಬಂದದ್ದು ಕಾಣುವುದಿಲ್ಲ.

ಇಂದಿನ ಸಂಶೋಧನಾ ನೆರವಿನ ವ್ಯವಸ್ಥೆ ಈ ಕೂಡುವಿಕೆಯನ್ನು ಇನ್ನಷ್ಟು ಕಷ್ಟಗೊಳಿಸಿದೆ. 2016ರಿಂದ ಪ್ರಕಟವಾಗುತ್ತಿರುವ ರಾಷ್ಟ್ರೀಯ ಶ್ರೇಯಾಂಕದಲ್ಲಿ ಪ್ರಕಟಣೆಗಳನ್ನು ಎಣಿಸುವುದು ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಂಥ ದತ್ತಸಂಚಯಗಳ ಆಧಾರದ ಮೇಲೆ. ಅಲ್ಲಿ ಕನ್ನಡದ ನಿಯತಕಾಲಿಕೆಗಳಿಗೆ ಜಾಗ ಇಲ್ಲವೆನ್ನುವಷ್ಟು ಕಡಿಮೆ. ಒಂದು ಸೀಮೆಯ ಬೇಸಾಯದ ಪದಗಳನ್ನು ಐದು ವರ್ಷ ಸಂಗ್ರಹಿಸಿ ಕನ್ನಡದಲ್ಲಿ ಪುಸ್ತಕ ತಂದ ಅಧ್ಯಾಪಕರ ಶ್ರಮ ಈ ಎಣಿಕೆಯಲ್ಲಿ ಸೊನ್ನೆ. ಅದೇ ವಿಷಯದ ಮೇಲೆ ಇಂಗ್ಲಿಷ್‌ನಲ್ಲಿ ಬರೆದ ಎಂಟು ಪುಟದ ಪ್ರಬಂಧ ಒಂದು ಅಂಕ. ವಿಶ್ವವಿದ್ಯಾಲಯಗಳು ಈ ಅಳತೆಗೋಲಿಗೆ ಹೊಂದಿಕೊಂಡಂತೆ ಸಂಶೋಧನೆಯ ಅವಧಿ ಒಂದೆರಡು ವರ್ಷಕ್ಕೆ ಇಳಿಯುತ್ತದೆ, ಸಹಯೋಗವೆಂದರೆ ಪ್ರಬಂಧದ ಶಿರೋಭಾಗದಲ್ಲಿ ಮೂರು ಹೆಸರು ಎಂದಾಗುತ್ತದೆ, ಕಾರ್ಯಕ್ರಮವೆಂದರೆ ವರದಿಗೆ ಬೇಕಾದ ಛಾಯಾಚಿತ್ರ ಎಂದಾಗುತ್ತದೆ. ಇದು ಕ್ಯಾಥೊಲಿಕ್ ಸಂಸ್ಥೆಗಳಿಗೆ ಮಾತ್ರ ಅಂಟಿದ ರೋಗವಲ್ಲ. ಆದರೆ ಅವುಗಳಿಗೆ ಇದರಿಂದ ಹೊರಬರಲು ತಮ್ಮದೇ ಆದ ಒಂದು ಆಧಾರವಿದೆ.

1990ರ ಆಗಸ್ಟ್ 15ರಂದು ಎರಡನೆಯ ಜಾನ್ ಪಾಲ್ ಪೋಪರು ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳನ್ನು ಕುರಿತು ‘ಎಕ್ಸ್ ಕೋರ್ದೆ ಎಕ್ಲೇಸಿಯೆ’ ಎಂಬ ಶಾಸನವನ್ನು ಹೊರಡಿಸಿದರು. ವಿದ್ಯೆಯ ಬೇರೆಬೇರೆ ಶಾಖೆಗಳನ್ನು ಬೆಸೆಯುವುದು, ಸಂಶೋಧನೆಗೆ ನೈತಿಕ ಹೊಣೆ ಇರುವುದು, ನಂಬಿಕೆ ಮತ್ತು ಸಂಸ್ಕೃತಿಗಳು ಸಂವಾದಿಸುವುದು ಇಂಥ ವಿಶ್ವವಿದ್ಯಾಲಯದ ಲಕ್ಷಣಗಳೆಂದು ಅದು ಹೇಳುತ್ತದೆ. ಸಂಸ್ಕೃತಿಯೊಂದಿಗೆ ಸಂವಾದಿಸಲು ಮೊದಲು ಅದರ ಮಾತನ್ನು ಕೇಳಬೇಕಾಗುತ್ತದೆ. ಹಾಗಾಗಿ ಶ್ರೇಯಾಂಕಕ್ಕೆ ದಕ್ಕದ ಕೆಲಸವನ್ನೂ ಮಾಡಬೇಕೆಂದು ಈ ಸಂಸ್ಥೆಗಳನ್ನು ಕೇಳುವುದು ಹೊರಗಿನವರ ಅಧಿಕಪ್ರಸಂಗವಲ್ಲ. ಅವು ಒಪ್ಪಿಕೊಂಡ ಹೊಣೆಯನ್ನು ನೆನಪಿಸುವುದಷ್ಟೇ.

ಆದರೂ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಗಡಿಯಾಚೆಯ ಕನ್ನಡದ ಹೊಣೆ ಗುಲ್ಬರ್ಗ ವಿಶ್ವವಿದ್ಯಾಲಯದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ್ದು, ಹೈದರಾಬಾದಿನ ಉಸ್ಮಾನಿಯಾದ್ದು ಅಲ್ಲವೇ? ಖಂಡಿತ, ಮೊದಲ ಹೊಣೆ ಅವುಗಳದೇ. ಆದರೆ ಸರ್ಕಾರಿ ಸಂಸ್ಥೆಯ ಅನುದಾನ, ಆದ್ಯತೆಗಳು ರಾಜ್ಯದ ಗೆರೆಗೆ ಬಂದು ನಿಲ್ಲುತ್ತವೆ. ಧಾರ್ಮಿಕ ಸಭೆಗಳ ಸಂಘಟನೆ ಹಾಗಲ್ಲ. ಬೆಂಗಳೂರಿನ ಸಂತ ಜೋಸೆಫರ ವಿಶ್ವವಿದ್ಯಾಲಯ, ಮಂಗಳೂರಿನ ಸಂತ ಅಲೋಶಿಯಸ್, ಸಿಕಂದರಾಬಾದಿನ ಲೊಯೊಲಾ ಅಕಾಡೆಮಿ ಮೂರೂ ಜೆಸ್ವಿಟರವೇ. ನ್ಯಾಲ್ಕಲ್‌ನಂಥ ಊರಿನ ಅಧ್ಯಯನಕ್ಕೆ ಕನ್ನಡ ಬಲ್ಲವರು, ತೆಲುಗು ಬಲ್ಲವರು, ದಖನಿ ಬಲ್ಲವರು ಒಟ್ಟಿಗೆ ಬೇಕು. ಎರಡು ರಾಜ್ಯಗಳ ಅಧ್ಯಾಪಕರನ್ನು ಒಂದೇ ಮೇಜಿನ ಸುತ್ತ ಕೂರಿಸುವ ಅನುಕೂಲ ಈ ಸಭೆಗಳಿಗೆ ಇರುವಷ್ಟು ಸರ್ಕಾರಿ ವಿಭಾಗಗಳಿಗೆ ಇಲ್ಲ.

ಇಂಥ ಕೆಲಸ ಕಾಲೇಜಿನ ಶಕ್ತಿಗೆ ಮೀರಿದ್ದು ಎನ್ನುವವರಿಗೆ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನತ್ತ ಬೆರಳು ತೋರಿಸಬೇಕು. ಅಲ್ಲಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ, ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ, 1988ರಿಂದ 1997ರವರೆಗೆ ತುಳು ನಿಘಂಟಿನ ಆರು ಸಂಪುಟಗಳು ಹೊರಬಂದವು. ಊರೂರು ಸುತ್ತಿ, ಕಸುಬು ಕಸುಬಿನ ಮಾತನ್ನು ಕೂಡಿಸಿದ ತಂಡದ ದುಡಿಮೆ ಅದು. ಜಹೀರಾಬಾದಿನ ಸಮೀಪದಲ್ಲೇ ಬೇರೊಂದು ಬಗೆಯ ನಿದರ್ಶನವಿದೆ: ಮಾಚನೂರಿನಲ್ಲಿ 2008ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು ಸಂಘಂ ರೇಡಿಯೋ ನಡೆಸುತ್ತಿದ್ದಾರೆ. ಬೀಜ, ಬಿತ್ತನೆ, ಹಾಡುಗಳ ತಿಳಿವಳಿಕೆಯನ್ನು ಅದನ್ನು ಬಲ್ಲವರ ಬಾಯಿಂದಲೇ ದಾಖಲಿಸುವ ಕ್ರಮ ಅವರದು. ಅಲ್ಲಿನ ಭಾಷೆ ತೆಲುಗು. ಆದರೆ ಅಕ್ಷರ ಬಾರದವರ ಜ್ಞಾನವನ್ನು ಕಾಪಿಡಲು ಯಂತ್ರವೂ ಕ್ರಮವೂ ಆ ನೆಲದಲ್ಲೇ ಉಂಟೆಂಬುದನ್ನು ಅದು ತೋರಿಸಿಕೊಟ್ಟಿದೆ.

ಕೊನೆಗೆ ಸಂವಿಧಾನದ ಮಾತು. ಕ್ಯಾಥೊಲಿಕ್ ಸಂಸ್ಥೆಗಳು ತಮ್ಮ ಆಡಳಿತದ ಸ್ವಾತಂತ್ರ್ಯಕ್ಕೆ ಆಧಾರವಾಗಿ ಹಿಡಿದಿರುವುದು 30ನೆಯ ವಿಧಿಯನ್ನು. ಆ ವಿಧಿ ಧರ್ಮದ ಆಧಾರದ ಅಲ್ಪಸಂಖ್ಯಾತರನ್ನೂ ಭಾಷೆಯ ಆಧಾರದ ಅಲ್ಪಸಂಖ್ಯಾತರನ್ನೂ ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಧರಿಸಬೇಕೆಂದು ಸುಪ್ರೀಂ ಕೋರ್ಟು 2002ರ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹೇಳಿತು. ಆ ಲೆಕ್ಕದಲ್ಲಿ ಬೆಂಗಳೂರಿನ ಕ್ಯಾಥೊಲಿಕ್ಕರೂ ನ್ಯಾಲ್ಕಲ್‌ನ ಕನ್ನಡಿಗರೂ ಒಂದೇ ಹಕ್ಕಿನ ಪಾಲುದಾರರು. ಒಬ್ಬರು ಆ ಹಕ್ಕಿನ ಬಲದಿಂದ ವಿಶ್ವವಿದ್ಯಾಲಯ ಕಟ್ಟಿದ್ದಾರೆ. ಇನ್ನೊಬ್ಬರಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆನ್ನುವ 350ಎ ವಿಧಿಯೂ ದೂರದ ಮಾತಾಗಿದೆ. ಹಕ್ಕು ಒಂದೇ ಆಗಿದ್ದರೂ ಬಲ ಒಂದೇ ಅಲ್ಲ. ಬಲವುಳ್ಳ ಅಲ್ಪಸಂಖ್ಯಾತರು ಬಲವಿಲ್ಲದ ಅಲ್ಪಸಂಖ್ಯಾತರ ಕಡೆಗೆ ತಿರುಗಿ ನೋಡುವುದು ಆ ವಿಧಿಯ ಅಕ್ಷರದಲ್ಲಿ ಇಲ್ಲ. ಅದರ ಆಶಯದಲ್ಲಿ ಇಲ್ಲವೆನ್ನಲಾಗದು.

ಕೇಳಬೇಕಾದುದು ದೊಡ್ಡ ಪೀಠವನ್ನಲ್ಲ, ರಾಷ್ಟ್ರೀಯ ಸಮ್ಮೇಳನವನ್ನೂ ಅಲ್ಲ. ಮೂರು ವಿಭಾಗಗಳ ಅಧ್ಯಾಪಕರು, ಐದು ವರ್ಷದ ನಿಶ್ಚಿತ ನೆರವು, ರಜೆಯ ದಿನಗಳಲ್ಲಿ ಹಳ್ಳಿಗೆ ಹೋಗಬಲ್ಲ ವಿದ್ಯಾರ್ಥಿಗಳು ಮತ್ತು ಈ ಕೆಲಸ ಬಡ್ತಿಯ ಲೆಕ್ಕಕ್ಕೆ ಸೇರುತ್ತದೆ ಎಂಬ ಲಿಖಿತ ಭರವಸೆ: ಇಷ್ಟಾದರೆ ನ್ಯಾಲ್ಕಲ್, ನಾರಾಯಣಖೇಡ, ತಾಂಡೂರುಗಳ ಕನ್ನಡಕ್ಕೆ ಒಂದು ಪದಕೋಶ ಸಿದ್ಧವಾಗುತ್ತದೆ. ಜೋಳದ ಹೊಲದ ಮಾತು, ತಾಂಡೂರಿನ ತೊಗರಿಯ ಮಾತು, ಅಲ್ಲಿನ ಕಲ್ಲುಗಣಿಯ ಮಾತು ಅದರಲ್ಲಿ ಸೇರಬೇಕು. ಹೇಳಿದವರ ದನಿಮುದ್ರಣವೂ ಪ್ರತಿಯೂ ಆಯಾ ಊರಿನಲ್ಲೇ ಉಳಿಯಬೇಕು. ಮಫೆಯಿಯವರು ಮಂಗಳೂರಿಗೆ ಬಂದ ಐದು ವರ್ಷದೊಳಗೆ ಕೊಂಕಣಿಗೆ ವ್ಯಾಕರಣ, ನಿಘಂಟು ಎರಡೂ ಆದವು. ಅವರ ಬಳಿ ಇದ್ದದ್ದು ಅಚ್ಚಿನ ಮೊಳೆ, ಕಾಗದ ಮತ್ತು ಹೇಳಿಕೊಡುವ ಜನ. ಇಂದಿನ ವಿಶ್ವವಿದ್ಯಾಲಯಗಳ ಬಳಿ ಅದಕ್ಕಿಂತ ಹೆಚ್ಚಿನ ಸಲಕರಣೆ ಇದೆ. ಹೇಳಿಕೊಡುವ ಜನ ನ್ಯಾಲ್ಕಲ್‌ನಲ್ಲಿ ಇನ್ನೂ ಇದ್ದಾರೆ.