ದಾಸ್ಯವಿಮೋಚನೆಯೂ ಭೂಸ್ವಾಮ್ಯವೂ: ಡು ಬಾಯ್ಸ್ ಅವರ ಗ್ರಂಥದ ವಿಮರ್ಶೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1865ರಲ್ಲಿ ದಾಸ್ಯವು ಶಾಸನಮೂಲಕ ರದ್ದಾಯಿತು. ಬಿಡುಗಡೆ ಹೊಂದಿದ ಸುಮಾರು 40 ಲಕ್ಷ ಕಪ್ಪು ಜನರ ಗತಿಯೇನಾಯಿತೆಂಬುದನ್ನು ಡಬ್ಲ್ಯು. ಇ. ಬಿ. ಡು ಬಾಯ್ಸ್ ಅವರು ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್ ಇನ್ ಅಮೆರಿಕಾ’ (1935) ಎಂಬ ಬೃಹದ್ಗ್ರಂಥದಲ್ಲಿ ವಿಚಾರಮಾಡಿರುವರು. ಆ ಜನಕ್ಕೆ ರಾಜ್ಯಭಾರದ ಯೋಗ್ಯತೆಯಿಲ್ಲದುದೇ ಅನಂತರದ ವೈಫಲ್ಯಕ್ಕೆ ಕಾರಣವೆಂಬುದು ಪೂರ್ವದ ಅನೇಕ ಚರಿತ್ರಕಾರರ ಮತ. ಗ್ರಂಥಕರ್ತರು ಇದನ್ನು ಖಂಡಿಸಿ, ಮತದಾನದ ಹಕ್ಕು ಬಂದರೂ ಭೂಮಿಯು ಕೈಸೇರದುದನ್ನು ಮುಂದಿಡುತ್ತಾರೆ.

ಗ್ರಂಥದ ಜೀವಾಳವಿರುವುದು ಇಲ್ಲಿಯೇ. 1865ರ ಜನವರಿಯಲ್ಲಿ ಸೇನಾಪತಿ ಷರ್ಮನ್ ಹೊರಡಿಸಿದ ಆಜ್ಞೆಯಂತೆ ದಕ್ಷಿಣ ಕರೋಲೈನಾ, ಜಾರ್ಜಿಯಾ, ಫ್ಲಾರಿಡಾಗಳ ಕಡಲತೀರದ ನೆಲವನ್ನು ಕುಟುಂಬಕ್ಕೆ 40 ಎಕರೆ ಮೀರದಂತೆ ಹಂಚುವುದಕ್ಕೆ ಮೊದಲಾಯಿತು. ಆ ವರ್ಷವು ಮುಗಿಯುವುದರೊಳಗೆ ಅಧ್ಯಕ್ಷ ಆಂಡ್ರೂ ಜಾನ್ಸನ್ ಅದನ್ನು ಹಿಂದಿನ ಒಡೆಯರಿಗೇ ಮರಳಿಸುವ ಏರ್ಪಾಡು ಮಾಡಿದನು. ಬಿಡುಗಡೆಯಾದವರಲ್ಲಿ ಬಹುಮಂದಿ ಒಡೆಯರ ಹೊಲಗಳಲ್ಲಿಯೇ ಕೋರಿನ ಒಕ್ಕಲುಗಳಾದರು. ಬೀಜಕ್ಕೂ ಹೊಟ್ಟೆಗೂ ಅಂಗಡಿಯಲ್ಲಿ ಸಾಲ; ಸುಗ್ಗಿ ಬಂದರೆ ಹತ್ತಿಯೆಲ್ಲ ಸಾಲಕ್ಕೆ ಜಮಾ. ಅವರು ನಂಬಿ ಹಣವಿಟ್ಟ ಫ್ರೀಡ್‌ಮನ್ಸ್ ಬ್ಯಾಂಕೂ 1874ರಲ್ಲಿ ಮುಳುಗಿತು. ಆದರೆ 1862ರಲ್ಲಿ ರಾಜಧಾನಿ ವಾಷಿಂಗ್‌ಟನ್ನಿನಲ್ಲಿ ದಾಸ್ಯವನ್ನು ತೊಲಗಿಸಿದಾಗ ತಲೆಗೆ ಸರಾಸರಿ 300 ಡಾಲರು ಮೀರದಂತೆ ಪರಿಹಾರವನ್ನು ಗೊತ್ತುಮಾಡಿದುದು ಒಡೆಯರಿಗೆ! ನಾರದಸ್ಮೃತಿಯಲ್ಲಿಯೂ ಒಡೆಯನು ದಾಸನ ಹೆಗಲ ಕುಂಭವನ್ನು ಒಡೆದು ‘ಅದಾಸ’ನೆಂದು ಮೂರಾವರ್ತಿ ಸಾರುವ ವಿಧಿಯುಂಟು, ಆ ವಿಧಿಯಲ್ಲಿ ಭೂಮಿಯ ಮಾತಿಲ್ಲ.

ಯುದ್ಧಕಾಲದಲ್ಲಿ ದಾಸರು ತೋಟಗಳನ್ನು ತೊರೆದು ಉತ್ತರದ ಸೇನೆಯ ಕಡೆಗೆ ಹೋದುದನ್ನು ‘ಸಾರ್ವತ್ರಿಕ ಮುಷ್ಕರ’ವೆಂದು ಕರೆದಿರುವುದು ಅತಿವ್ಯಾಪ್ತಿದೋಷಕ್ಕೆ ಗುರಿಯಾಗುತ್ತದೆ. ಕೂಲಿಯ ಕರಾರೇ ಇಲ್ಲದವನಿಗೆ ಮುಷ್ಕರವೆಲ್ಲಿಯದು? ಆದರೂ ತಮ್ಮ ಬಿಡುಗಡೆಯಲ್ಲಿ ಅವರೂ ಕರ್ತೃಗಳೆಂದು ಕಂಡುದು ಯುಕ್ತವಾಗಿದೆ. ಮೂಲಪತ್ರಗಳಿಗಿಂತ ಮುದ್ರಿತ ಗ್ರಂಥಗಳನ್ನು ಹೆಚ್ಚಾಗಿ ಆಶ್ರಯಿಸಿರುವುದು ನ್ಯೂನತೆಯೇ ಸರಿ. ದಕ್ಷಿಣದ ಅನೇಕ ಪತ್ರಾಗಾರಗಳಲ್ಲಿ ಕಪ್ಪು ವಿದ್ವಾಂಸರಿಗೆ ಆಗ ಸಲೀಸಾದ ಪ್ರವೇಶವಿರಲಿಲ್ಲವೆಂಬುದನ್ನೂ ವಾಚಕರು ಗಮನಿಸತಕ್ಕದ್ದು.

2022ರ ಫೆಡರಲ್ ರಿಸರ್ವ್ ಸಮೀಕ್ಷೆಯಲ್ಲಿ ಬಿಳಿಯರ ಮಧ್ಯಮಸ್ಥ ಕುಟುಂಬದ ಸಂಪತ್ತು ಸುಮಾರು 2,85,000 ಡಾಲರು, ಕಪ್ಪು ಜನರದು ಸುಮಾರು 44,900. ಈ ಅಂತರವೆಲ್ಲವನ್ನೂ ದಾಸ್ಯವೊಂದಕ್ಕೇ ಆರೋಪಿಸುವುದು ಸಾಧುವಲ್ಲ. ನಡುವೆ ಕಾರಣಪರಂಪರೆಯೇ ಇದೆ. ಗ್ರಂಥವು 1880ಕ್ಕೆ ನಿಲ್ಲುತ್ತದೆ. ಅದು ಅಚ್ಚಾಗುವುದಕ್ಕೆ ಒಂದು ವರ್ಷ ಮೊದಲು, 1934ರಲ್ಲಿ, ಸರ್ಕಾರವು ಗೃಹಸಾಲಗಳಿಗೆ ಭದ್ರತೆ ಕೊಡುವ ಸಂಸ್ಥೆಯೊಂದನ್ನು ಸ್ಥಾಪಿಸಿತು. ಕಪ್ಪು ಜನರ ಕೇರಿಗಳ ಸಾಲಗಳಿಗೆ ಆ ಸಂಸ್ಥೆಯು ಸಾಮಾನ್ಯವಾಗಿ ಭದ್ರತೆಯನ್ನು ನಿರಾಕರಿಸುತ್ತಿದ್ದಿತು.